ಮಗ್ಗಲಿನಿಂದ ಬಂದ ನೀರು

ನಾನು ಗೆದ್ದ ವಾದಗಳಲ್ಲಿ ಮಾತು ಮಾತೂ ನೆನಪಿರುವುದು ಒಂದೇ. ಅದಕ್ಕೆ ಬಹುಮಾನದ ಢಾಲು ಸಿಗಲಿಲ್ಲ, ಪ್ರಮಾಣಪತ್ರವೂ ಸಿಗಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜು ಮುಗಿದ ಮೇಲೆ, ನಮ್ಮೂರ ಮಸೀದಿಯ ಮುಂದಿನ ಬೇವಿನ ಗಿಡದ ಕೆಳಗೆ, ಹದಿನೈದಿಪ್ಪತ್ತು ಹಿರಿಯರ ಎದುರಿಗೆ ಗೆದ್ದದ್ದು. ವಿಷಯ ಇಷ್ಟೇ: ನಮ್ಮ ಕಬರಸ್ತಾನದ ಕೆಳಗಿನ ಸಾಲನ್ನು ಮುಚ್ಚಿಬಿಡಬೇಕೇ, ಬೇಡವೇ? ನಾನು ಬೇಡ ಎಂದು ನಿಂತೆ. ಆ ಸಾಲಿನಲ್ಲಿ ನನ್ನ ಅಜ್ಜಿಯನ್ನು ಮಣ್ಣು ಮಾಡಿದ್ದರು. ಅವಳ ಮಗ್ಗಲಿಗೆ ಒಬ್ಬರು ಮಲಗುವಷ್ಟು ಜಾಗ ಖಾಲಿ ಇತ್ತು. ಅದು ನನ್ನ ಮುತ್ಯಾನಿಗೆ ಸಿಗಬೇಕಿತ್ತು. ಮುತ್ಯಾ ಎಂದರೆ ಅಪ್ಪನ ಅಪ್ಪ. ನನಗಷ್ಟೇ ಅಲ್ಲ, ಊರಿಗೆಲ್ಲ ಅವನು ಮುತ್ಯಾನೇ.

ಮರಾಠಿ ಗಡಿಯೊಳಗಿನ ಜತ್ತ ತಾಲೂಕಿನವನು ಜವಳು ನೆಲದ ಬಗ್ಗೆ ಬರೆಯುತ್ತಾನೆಂದರೆ ಉಮದಿ ಬಸ್ಸಿನಲ್ಲಿ ಕೂತ ಯಾರೂ ನಂಬಲಿಕ್ಕಿಲ್ಲ. ನಮ್ಮದು ಮಡ್ಡಿ, ಜೋಳ ಸಜ್ಜೆ ಬೆಳೆಯುವ, ಟ್ಯಾಂಕರಿನ ಹಾದಿ ಕಾಯುವ ನೆಲ. ಜವಳೆಂದರೆ ನೀರು ಒಳಗೇ ನಿಂತು, ಮೇಲೆ ಉಪ್ಪು ಬೆಳ್ಳಗೆ ಹತ್ತಿ, ಕಾಲಿಟ್ಟರೆ ಹುಗಿಯುವ ಮಣ್ಣು. ಅದು ಹೊಳೆ ದಂಡೆಯ ಕಬ್ಬಿನವರ ತಾಪತ್ರಯ, ನಮಗೇನು ಸಂಬಂಧ ಎಂದುಕೊಂಡಿದ್ದೆವು. ಆದರೆ ತೊಂಬತ್ತರ ದಶಕದಲ್ಲಿ, ಬರಗಾಲದ ಕೆಲಸವಾಗಿ, ಊರ ಪಡುವಣಕ್ಕೆ ಒಂದು ಪಾಝರ ತಲಾವ ಕಟ್ಟಿದರು. ಮಳೆಯ ನೀರನ್ನು ತಡೆದು ನೆಲಕ್ಕೆ ಇಂಗಿಸುವ ಕೆರೆ ಅದು. ಆ ಕೆರೆಯ ಏರಿಯಿಂದ ಇಳಿಜಾರಿಗೆ ಮೂರು ಹೊಲ ದಾಟಿದರೆ ನಮ್ಮ ಕಬರಸ್ತಾನ. ಮೇಲಿನ ಅರ್ಧ ಬರೀ ಕಲ್ಲು. ಕೆಳಗಿನ ಅರ್ಧ ಎರಿಮಣ್ಣು, ಅಗೆಯಲು ಸಲೀಸು. ಹಾಗಾಗಿ ತಲೆತಲಾಂತರದಿಂದ ಎಲ್ಲರೂ ಕೆಳಗೇ ಮಲಗುತ್ತ ಬಂದಿದ್ದರು.

ಮುತ್ಯಾನ ಕಸುಬು ಬಾವಿ ತೋಡುವುದು. ಕಬರು ತೋಡುವುದು ಕಸುಬಲ್ಲ, ಸೇವೆ. ಅದಕ್ಕೆ ಯಾರಿಂದಲೂ ಒಂದು ಚಹಾ ಕೂಡ ಕುಡಿಯುತ್ತಿರಲಿಲ್ಲ. ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಗುದ್ದಲಿ, ಸಲಿಕೆ, ಹಾರೆ ಮತ್ತು ಅಳತೆಯ ಕೋಲು ಹೆಗಲಿಗೇರಿಸಿ ಹೊರಡುತ್ತಿದ್ದ. ನಮ್ಮಲ್ಲಿ ಕಬರು ಎರಡು ನಮೂನೆ. ನೆಲ ಗಟ್ಟಿಯಿದ್ದರೆ ಬಗಲಿ: ತಗ್ಗು ತೋಡಿ, ತಳದಲ್ಲಿ ಪಡುವಣದ ಗೋಡೆಯೊಳಗೆ ಇನ್ನೊಂದು ಗೂಡು ಕೊರೆದು, ಅದರೊಳಗೆ ಮಲಗಿಸಿ, ಕಲ್ಲಿನ ಹಾಸು ಮುಚ್ಚುವುದು. ನೆಲ ಸಡಿಲವಿದ್ದರೆ ಸಂದೂಕಿ: ಪೆಟ್ಟಿಗೆಯ ಹಾಗೆ ನೇರ ತಗ್ಗು, ಮೇಲೆ ಹಾಸು. ಎಲ್ಲಿ ಬಗಲಿ, ಎಲ್ಲಿ ಸಂದೂಕಿ ಎಂಬುದನ್ನು ಮುತ್ಯಾ ಮೊದಲ ಗುದ್ದಲಿಯ ಸಪ್ಪಳದಲ್ಲೇ ಹೇಳುತ್ತಿದ್ದ. ಮೊಣಕಾಲ ಮಟ ಎರಿ, ತೊಡೆ ಮಟ ಸುಣ್ಣದ ಹರಳಿನ ಮಣ್ಣು, ಸೊಂಟ ದಾಟಿದರೆ ಗರಸಿನಂಥ ಮುರುಮು, ಎದೆಮಟಕ್ಕೆ ಹಾಸುಗಲ್ಲು. ಇದು ಅವನ ಭೂಗೋಳ. ಮಣ್ಣು ಕೊಡುವ ಪದ್ಧತಿಯಿದ್ದ ನಮ್ಮೂರ ಶೈವ ಮನೆತನದವರೂ ತಮ್ಮ ಕಡೆ ತಗ್ಗು ತೆಗೆಯುವ ಮೊದಲು ಅವನನ್ನು ಕೇಳಿಯೇ ಕೆಲಸ ಸುರು ಮಾಡುತ್ತಿದ್ದರು.

ಅಜ್ಜಿ ತೀರಿಕೊಂಡದ್ದು ನಾನು ಕಾಲೇಜಿಗೆ ಸೇರಿದ ವರ್ಷದ ಬೇಸಿಗೆಯಲ್ಲಿ. ಮುತ್ಯಾ ಬೇರೆಯವರನ್ನು ಮುಟ್ಟಗೊಡದೆ ತಾನೇ ತೋಡಿದ. ಬಗಲಿ ಕಬರು. ಗೂಡಿನ ಗೋಡೆಯನ್ನು ಅಂಗೈಯಿಂದ ಸವರಿ ನುಣುಪು ಮಾಡಿದ್ದನ್ನು ನಾನು ಮೇಲೆ ನಿಂತು ನೋಡಿದೆ. ಮೇಲೆ ಬಂದು ಕೋಲಿನಿಂದ ಮಗ್ಗಲಿಗೆ ಒಂದು ಗೆರೆ ಎಳೆದ.

"ಇದು ನನಗ," ಅಂದ.

"ಜಾಗಾ ಹಿಡದ ಇಡುದು ನಮ್ಮ ಪದ್ಧತಿಯೊಳಗ ಐತೇನು ಮುತ್ಯಾ?" ಅಂದೆ ನಾನು. ಅಂಥ ಹೊತ್ತಿನಲ್ಲೂ.

"ಇಲ್ಲ ವಕೀಲಸಾಬ. ಆದ್ರ ನಾ ನಲವತ್ತ ವರ್ಷ ಮಂದೀಗಿ ಜಾಗಾ ಮಾಡಿಕೊಟ್ಟೀನಿ. ಒಂದ ಗೆರಿ ಎಳದ್ರ ಅಲ್ಲಾ ಸಿಟ್ಟಾಗಂಗಿಲ್ಲ."

ವಕೀಲಸಾಬ ಎಂದು ಅವನು ನನ್ನನ್ನು ಕರೆಯುತ್ತಿದ್ದದ್ದು ಮೆಚ್ಚುಗೆಗಲ್ಲ. ಕಾಲೇಜಿನಲ್ಲಿ ನಾನು ವಾದವಿವಾದ ಸ್ಪರ್ಧೆಯ ಹುಚ್ಚು ಹಿಡಿಸಿಕೊಂಡಿದ್ದೆ. ವೇದಿಕೆಯ ಮಾತು ಮರಾಠಿಯಲ್ಲಿ, ಮನೆಯ ಜಗಳ ಕನ್ನಡದಲ್ಲಿ. ವೇದಿಕೆ ಹತ್ತುವ ಮೊದಲು ಚೀಟಿ ಎತ್ತಬೇಕು. ಪರ ಬಂದರೆ ಪರ, ವಿರುದ್ಧ ಬಂದರೆ ವಿರುದ್ಧ. ಬೆಳಗ್ಗೆ ಹೂಡಿದ್ದನ್ನು ಮಧ್ಯಾಹ್ನ ಕೆಡವಬೇಕು. ಅಲ್ಲಿ ಕಲಿತ ಮೊದಲ ಪಟ್ಟು, ಎದುರಿನವನು ಏನೇ ಹೇಳಲಿ "ಪುರಾವೆ ಏನು?" ಎನ್ನುವುದು. ಅವನು ಪುರಾವೆ ಹುಡುಕುತ್ತಿರುವಾಗ ನೀವು ಮುಂದಿನ ಮಾತಿಗೆ ಹೋಗಿರುತ್ತೀರಿ. ಈ ಚಟದಿಂದ ಮನೆಯಲ್ಲಿ ಉಪ್ಪು ಹೆಚ್ಚಾಗಿದೆ ಎಂದರೂ ನಾನು ಪುರಾವೆ ಕೇಳುತ್ತಿದ್ದೆ. ಅಮ್ಮ ಸೌಟು ತೋರಿಸುತ್ತಿದ್ದಳು.

ಅಜ್ಜಿ ಹೋದ ಎರಡನೇ ಮಳೆಗಾಲಕ್ಕೆ ತಲಾವ ಮೊದಲ ಸಲ ತುಂಬಿತು. ಊರೆಲ್ಲ ನೋಡಲು ಹೋದೆವು. ಅದಾಗಿ ಎರಡು ಮೂರು ತಿಂಗಳಿಗೆ ಕಬರಸ್ತಾನದ ಕೆಳಸಾಲಿನಲ್ಲಿ, ನೀರಿದ್ದಲ್ಲೇ ಬೆಳೆಯುವ ಜೇಕು ಹುಲ್ಲು ಎದ್ದಿತು. ಏಡಿಯ ತೂತು ಕಂಡವು. ನಮ್ಮ ಕಡೆ ಕಬರಸ್ತಾನದಲ್ಲಿ ಏಡಿ! ಆ ಚಳಿಗಾಲದಲ್ಲಿ ಒಬ್ಬ ಮುದುಕಿ ತೀರಿಕೊಂಡಾಗ ಮುತ್ಯಾ ಅಲ್ಲಿ ಬಗಲಿ ಕೊರೆಯಲು ಹೋದ. ಗೂಡು ಅವನ ಮೈಮೇಲೆ ಕುಸಿಯಿತು. ಎದ್ದು ಮಣ್ಣು ಝಾಡಿಸಿಕೊಂಡು, ಮುಷ್ಟಿಯಲ್ಲಿ ಹಿಂಡಿ ನೋಡಿ, ಮೂಸಿ, "ಜವಳ ಹತ್ತೇತಿ" ಅಂದ. ಹೇಗೋ ಸಂದೂಕಿ ಮಾಡಿ ಮುಗಿಸಿದರು. ಅಂದು ಮನೆಗೆ ಬಂದ ಮೇಲೆ ಅವನು ಊಟ ಮಾಡಲಿಲ್ಲ. ಯಾರದೋ ಮುದುಕಿಗಾಗಿ ಅಲ್ಲವೆಂದು ನಮಗೆಲ್ಲ ಗೊತ್ತಿತ್ತು. ಅವಳ ಕಬರಿಗೂ ಅಜ್ಜಿಯ ಕಬರಿಗೂ ನಡುವೆ ಇದ್ದದ್ದು ಹತ್ತು ಹೆಜ್ಜೆ.

ಕಬರಸ್ತಾನದ ಉಸ್ತುವಾರಿ ಮುತವಲ್ಲಿಯವರದು. ಉಮದಿ ಸಂತೆಯಲ್ಲಿ ಅರಿವೆ ಅಂಗಡಿ ಹಚ್ಚುತ್ತಿದ್ದ, ಗೀರಿದ ದನಿಯ, ತೆಳ್ಳಗಿನ ಮನುಷ್ಯ. ಕೆಳಗಿನ ಸಾಲು ಮುಚ್ಚಿ ಮೇಲಿನ ಮಡ್ಡಿಗೆ ಹೋಗೋಣ ಎಂದು ಅವರು ಅಂದೇ ಹೇಳಿದರು. ಕಲ್ಲಿನಲ್ಲಿ ಅಗೆಯುವುದು ಯಾರಿಗೂ ಬೇಡವಾಗಿತ್ತು; ಮಾತು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಮಳೆ ಕೈಕೊಟ್ಟ ವರ್ಷಗಳು ಒಂದರ ಹಿಂದೊಂದು ಬಂದವು. ತಲಾವ ಒಣಗಿ ತಳ ಬಿರಿಯಿತು. ಜೇಕು ಸತ್ತಿತು, ಏಡಿ ಎಲ್ಲಿ ಹೋದವೋ. ಮಾಡಗ್ಯಾಳದ ಕಡೆಯ ಕುರಿಯವರು ಹಿಂಡು ಹೊಡೆದುಕೊಂಡು ಕಬರಸ್ತಾನದ ಬೇಲಿಯ ಮಗ್ಗಲಲ್ಲೇ ಹಾಯುತ್ತಿದ್ದರು, ಒಳಗೆ ಮೇಯಲು ಒಂದು ಕಡ್ಡಿಯೂ ಇರಲಿಲ್ಲ.

ಆ ವೇಳೆಗೆ ನಾನು ಪುಣೆಯಲ್ಲಿದ್ದೆ. ಎಂ.ಎಸ್ಸಿ. ಮುಗಿಸಿ ಒಂದು ಸಂಸ್ಥೆಯಲ್ಲಿ ಹವಾಮಾನದ ಮಾಡೆಲಿಗೆ ಮಣ್ಣಿನ ಮಾಹಿತಿ ತುಂಬುವ ಕೆಲಸ. ಮಾಡೆಲ್ ಎಂದರೆ ದೊಡ್ಡ ರಹಸ್ಯವಲ್ಲ. ಇಡೀ ಭೂಮಿಯ ಮೇಲೆ ಚೌಕದ ಬಲೆ ಹಾಸುತ್ತಾರೆ, ಒಂದೊಂದು ಚೌಕಕ್ಕೂ ಮಳೆ, ಬಿಸಿಲು, ಗಾಳಿ ಲೆಕ್ಕ ಹಾಕುತ್ತಾರೆ. ನೆಲ ಎಷ್ಟು ಹಸಿಯಿದೆ ಎಂಬುದು ಆ ಲೆಕ್ಕಕ್ಕೆ ಬೇಕು. ಹಸಿ ನೆಲದ ಮೇಲಿನ ಗಾಳಿ ಬೇರೆ, ಒಣ ನೆಲದ ಮೇಲಿನದು ಬೇರೆ. ಪ್ರತಿ ಚೌಕಕ್ಕೆ ಒಂದು ಮಣ್ಣಿನ ಅಂಕಿ. ಚೌಕದೊಳಗೆ ಯಾವ ಮಣ್ಣು ಹೆಚ್ಚೋ ಇಡೀ ಚೌಕ ಅದರದು. ಚುನಾವಣೆಯ ಹಾಗೆ, ಗೆದ್ದವನೇ ಎಲ್ಲರ ಪರವಾಗಿ ಮಾತಾಡುವುದು. ನಮ್ಮ ತಾಲೂಕಿನ ಬಹುಪಾಲು ಒಂದೇ ಚೌಕದಲ್ಲಿ ಬರುತ್ತಿತ್ತು. ಅಂಕಿ: ತೆಳು ಮಣ್ಣು, ಬೇಗ ಒಣಗುವಂಥದ್ದು. ಮಣ್ಣನ್ನು ಪದರ ಪದರವಾಗಿ ಇಡುತ್ತಾರೆ. ನೀರು ಮೇಲಿನಿಂದ ಬರುತ್ತದೆ, ಸ್ವಲ್ಪ ಆವಿಯಾಗಿ ಮೇಲೇ ಹೋಗುತ್ತದೆ, ಉಳಿದದ್ದು ಪದರ ಇಳಿದು ತಳದ ತೂತಿನಿಂದ ಹೊರಗೆ ಬಿದ್ದುಹೋಗುತ್ತದೆ. ಪಕ್ಕದ ಚೌಕದೊಂದಿಗೆ ಮಾತಿಲ್ಲ, ಕತೆಯಿಲ್ಲ. ನೆಲದೊಳಗೆ ನೀರು ಅಡ್ಡ ಹರಿಯುತ್ತದೆ ಎಂಬುದು ನಾನು ಕೆಲಸ ಮಾಡುತ್ತಿದ್ದ ಮಾಡೆಲಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ಅದರಲ್ಲಿ ಜವಳು ಹುಟ್ಟುವ ದಾರಿಯೇ ಇಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿದರೆ ಈ ಬರಹ ಸುಲಭವಾಗುತ್ತಿತ್ತು.

ಒಂದು ದಿನ ನಮ್ಮ ಚೌಕದ ನೆಲದ ಹಸಿಯ ಗೆರೆಯನ್ನು ಕಾಗದಕ್ಕೆ ಇಳಿಸಿಕೊಂಡೆ. ಕೆಲವು ವರ್ಷಗಳ ಗೆರೆ, ಏರಿಳಿಯುತ್ತ ಒಟ್ಟಾರೆ ಕೆಳಗೇ ಇಳಿಯುತ್ತಿತ್ತು. ನಮ್ಮ ಮೇಲಧಿಕಾರಿ, ಮರಾಠಿಯ ಮೇಡಂ ಒಬ್ಬರು, ಕಾಗದ ನೋಡಿ "ಇದನ್ನ್ಯಾಕೆ?" ಎಂದರು. ನಮ್ಮೂರು ಇಲ್ಲಿದೆ ಎಂದು ಬೆರಳಿಟ್ಟೆ. ಅವರು ನನ್ನ ಬೆರಳನ್ನು ಪೆನ್ಸಿಲಿನಿಂದ ಆಚೆ ಸರಿಸಿ, ಅದು ಚೌಕ, ಊರಲ್ಲ ಎಂದರು. ಒಳ್ಳೆಯ ಮಾತು. ಬ್ಯಾಗಿನಲ್ಲಿ ಕಾಗದ ಮಡಚಿಟ್ಟುಕೊಂಡು ಊರ ಬಸ್ಸು ಹತ್ತಿದೆ.

ಯಾಕೆಂದರೆ ಮುತವಲ್ಲಿಯವರು ಮತ್ತೆ ಮಾತೆತ್ತಿದ್ದರು. ಕೆಳಗೆ ಮತ್ತೆ ನೀರು ಬರುವ ಮೊದಲೇ ಮೇಲಿನ ಮಡ್ಡಿಯಲ್ಲಿ ಎಲ್ಲರೂ ಸೇರಿ ಕಲ್ಲು ಒಡೆದು ನಾಲ್ಕು ತಗ್ಗು ಸಡಿಲ ಮಾಡಿಡೋಣ, ಕೆಳಸಾಲಿಗೆ ಮುಳ್ಳು ಹಚ್ಚೋಣ ಎಂದು. ಮುತ್ಯಾ ಆ ವರ್ಷ ಕೆಮ್ಮು ಹಿಡಿದು ಕೂತಿದ್ದ. ಅವನು ನನಗೆ ಏನೂ ಹೇಳಿ ಕಳಿಸಲಿಲ್ಲ. ಅಮ್ಮ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, "ಮಾವಾರು ಮಾತ ಬಿಟ್ಟಾರ. ಗೆರಿ ಎಳದ ಜಾಗಾ ಹೋಗ್ತೈತಿ ಅಂತ" ಎಂದಳು.

ಬೇವಿನ ಕೆಳಗೆ ಚಾಪೆ ಹಾಸಿದ್ದರು. ಮುತ್ಯಾ ಗಿಡದ ಬೊಡ್ಡೆಗೆ ಒರಗಿದ್ದ. ಮುತವಲ್ಲಿ ತಮ್ಮ ಮಾತು ಚುಟುಕಾಗಿ ಮುಗಿಸಿದರು. "ಈಗ ಒಣಗೇತಿ ಅಂತ ಮರೀಬ್ಯಾಡ್ರಿ. ತಲಾವ ತುಂಬಿದ್ರ ಮತ್ತ ಬರ್ತೈತಿ. ಮಯ್ಯತ್ತ ನೀರಾಗ ಇಡುದು ಆಗಂಗಿಲ್ಲ."

ನಾನು ಎದ್ದು ನಿಂತೆ. "ಚಾಚಾ, ತಲಾವದ ನೀರೇ ಅಲ್ಲಿಗಿ ಬರ್ತೈತಿ ಅನ್ಲಿಕ್ಕ ಪುರಾವಾ ಏನ್ರಿ?"

"ಕಣ್ಣಿಲೆ ನೋಡೀನಲ್ಲೊ. ಏಡಿ ಇದ್ದುವು."

"ಏಡಿ ಇದ್ದುವು ಅಂದ್ರ ಆ ವರ್ಷ ಹಸಿ ಇತ್ತು ಅಂತ ಆತ್ರಿ. ಮುಂದ ಬರ್ತೈತಿ ಅಂತ ಏಡಿ ಹೇಳಿ ಹೋದ್ವೇನು?"

ಮಂದಿ ನಕ್ಕರು. ಮುತವಲ್ಲಿಯೂ ನಕ್ಕರು. "ಮಾಡಗ್ಯಾಳ ಕುರಿಗಿ ಮೂಗ ಒಂದ ಉದ್ದ. ನಿಮ್ಮ ಮೊಮ್ಮಗಗ ನಾಲಿಗೀನೂ ಉದ್ದ ಐತಿ ನೋಡ್ರಿ ಮುತ್ಯಾ."

ಆಗ ಕಾಗದ ಬಿಚ್ಚಿದೆ. ಅದು ಕೈಯಿಂದ ಕೈಗೆ ಹೋಯಿತು. ಒಬ್ಬರು ತಿರುವುಮುರುವು ಹಿಡಿದು, "ಇದೇನಪಾ, ಹಾವ ಹರದಂಗ ಐತಿ?" ಎಂದರು.

"ಇದು ನಮ್ಮ ಕಡೆ ನೆಲದಾಗಿನ ಹಸಿ ರೀ. ನೋಡ್ರಿ, ಹ್ಯಾಂಗ ಇಳಕೋಂತ ಬಂದೈತಿ."

"ಯಾರ ಬಂದ ಅಳದಾರ?" ಎಂದರು ಮುತವಲ್ಲಿ.

"ಯಾರೂ ಬಂದಿಲ್ರಿ. ಕಂಪ್ಯೂಟರ್ ಲೆಕ್ಕ."

"ಅಳೀಲಾರದ ಲೆಕ್ಕ ಏನ ಲೆಕ್ಕಪಾ?"

ಒಂದು ಗಳಿಗೆ ನಾನು ಸಿಕ್ಕಿಬಿದ್ದೆ ಎಂದೇ ಎಲ್ಲರಿಗೂ ಅನಿಸಿತು. ನನಗೂ ಅನಿಸಿತು. ಆಗ ಮಸೀದಿಯ ಬಾಗಿಲ ಮಗ್ಗಲಿಗೆ ತೂಗುಹಾಕಿದ್ದ ಕಾಗದ ಕಣ್ಣಿಗೆ ಬಿತ್ತು: ವರ್ಷದ ಮುನ್ನೂರ ಅರವತ್ತೈದು ದಿನಕ್ಕೂ ಐದು ಹೊತ್ತಿನ ನಮಾಜಿನ ವೇಳೆ ಅಚ್ಚು ಹಾಕಿದ್ದು.

"ಚಾಚಾ, ಆ ಕಾಗದ ನೋಡಿ ನೀವು ದಿನಾ ಬಾಂಗ ಕೊಡಸ್ತೀರಿ. ಮುಂದಿನ ವರ್ಷದ ಸೂರ್ಯನ್ನ ಯಾರ ಹೋಗಿ ಅಳದ ಬಂದಾರ್ರಿ? ಅದೂ ಲೆಕ್ಕನ. ಅದನ್ನ ನಂಬತೀರಿ, ಇದನ್ನ ನಂಬಂಗಿಲ್ಲಂದ್ರ ಹ್ಯಾಂಗ?"

ಮುಗಿಯಿತು. ಒಬ್ಬ ಮುದುಕರು "ಶಾಬಾಸ್" ಎಂದು ತೊಡೆ ತಟ್ಟಿದರು. ಮುತವಲ್ಲಿ ಕಾಗದ ಮಡಚಿ ನನಗೆ ಮರಳಿಸಿದರು. ನನ್ನ ಮಾತಿನ ತೂತು ಎಲ್ಲಿದೆ ಎಂದು ಆ ಗಳಿಗೆಯಲ್ಲೇ ನನಗೆ ಗೊತ್ತಿತ್ತು. ಸೂರ್ಯ ಇಡೀ ಊರಿಗೆ ಒಂದೇ. ನೆಲದ ನೀರು ಹತ್ತು ಹೆಜ್ಜೆಗೆ ಬೇರೆ. ಎದುರಿಗೆ ಒಬ್ಬ ಪಳಗಿದ ಸ್ಪರ್ಧಿ ಇದ್ದಿದ್ದರೆ ನನ್ನನ್ನು ಅಲ್ಲೇ ಮಲಗಿಸುತ್ತಿದ್ದ. ಅಲ್ಲಿ ಇದ್ದವರು ಅರಿವೆ ಮಾರುವವರು, ಹೊಲ ಉಳುವವರು, ಮತ್ತು ನಾನು ಗೆಲ್ಲಲೆಂದು ಒಳಗೊಳಗೇ ಬಯಸುತ್ತಿದ್ದವರು. ಕಲ್ಲು ಒಡೆಯುವ ಕೆಲಸ ತಪ್ಪಿತಲ್ಲ! ಕೆಳಸಾಲು ಇರಲಿ ಎಂದು ತೀರ್ಮಾನವಾಯಿತು.

ಮನೆಗೆ ಬರುವಾಗ ಮುತ್ಯಾ ನನ್ನ ಹೆಗಲು ಹಿಡಿದು ನಡೆಯುತ್ತಿದ್ದ. ಹಾದಿಯಲ್ಲಿ ಒಂದು ಕಡೆ ನಿಂತು ಕೆಮ್ಮು ಇಳಿಸಿಕೊಂಡು ಕೇಳಿದ:

"ಅದರಾಗ ತಲಾವ ಐತೇನು?"

"ಯಾವುದರಾಗ?"

"ನಿನ್ನ ಕಾಗದದಾಗ."

"ತಲಾವ ಭಾಳ ಸಣ್ಣದು ಮುತ್ಯಾ. ಅಷ್ಟ ಸಣ್ಣದು ಅದರಾಗ ಕಾಣಂಗಿಲ್ಲ."

"ಹಾಸುಗಲ್ಲು?"

"ಅದೂ ಇಲ್ಲ."

ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆದರಿದ. ನಲವತ್ತು ವರ್ಷ ಆ ನೆಲದ ಹೊಟ್ಟೆ ಬಗೆದವನು. ಅವನು ಕೇಳಿದ ಎರಡೇ ಪ್ರಶ್ನೆಗಳಲ್ಲಿ ನನ್ನ ಇಡೀ ವಾದ ಸತ್ತಿತ್ತು. ಅದು ಅವನಿಗೂ ತಿಳಿದಿತ್ತೆಂದು ಈಗ ನನಗನಿಸುತ್ತದೆ. ಆದರೆ ಅವನು ಅಂದದ್ದು ಬೇರೆ.

"ಇರ್ಲಿ. ನೀ ಕಲ್ತಾಂವ. ನೀ ಹೇಳಿದಿ ಅಂದ್ರ ಇರಬೇಕು."

ಅವನು ನನ್ನನ್ನು ನಂಬಿದ್ದು ಅದೇ ಮೊದಲು. ವಕೀಲಸಾಬ ಅನ್ನಲಿಲ್ಲ.

ಎರಡು ವರ್ಷ ಕಳೆಯಿತು. ಎರಡನೆಯ ವರ್ಷ ಮಳೆ ಹೊಯ್ದದ್ದು ಹೊಯ್ದದ್ದೇ. ವಳಸಂಗದ ಹಾದಿಯ ಹಳ್ಳ ದಾಟಲಾಗದೆ ಬಸ್ಸು ನಿಂತವು ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ಖುಷಿಪಟ್ಟೆ. ತಲಾವ ತುಂಬಿ ಕೋಡಿ ಬಿತ್ತು. ಮಳೆ ನಿಂತು, ಹಿಂಗಾರಿ ಜೋಳ ಬಿತ್ತಿ, ಸಸಿ ಗೇಣೆತ್ತರ ಬಂದಿರುವಾಗ ಮುತ್ಯಾ ತೀರಿಕೊಂಡ. ಬೆಳಗ್ಗೆ ಬಸ್ಸಿಳಿದು ಮನೆಗೆ ಹೋಗಿ ಮುಖ ನೋಡಿದೆ. ನಂತರ ನೇರ ಕಬರಸ್ತಾನಕ್ಕೆ ಹೋದೆ, ಅವನ ಅಳತೆ ಕೋಲು ಹಿಡಿದುಕೊಂಡು.

ಮೇಲ್ಮಣ್ಣು ಒಣಗಿತ್ತು. ಇದನ್ನು ಒತ್ತಿ ಹೇಳುತ್ತೇನೆ. ಸಣ್ಣಗೆ ಬಿರುಕು ಬಿಟ್ಟು, ಬೆಳ್ಳಗೆ ಉಪ್ಪಿನ ಹೆಪ್ಪು ಹತ್ತಿತ್ತು. ಕಾಲಿಟ್ಟರೆ ಚರಕ್ ಎನ್ನುತ್ತಿತ್ತು. ಅಲ್ಲಿದ್ದ ನಾಲ್ಕು ಮಂದಿ ಅಗೆಯುವವರಲ್ಲಿ ಒಬ್ಬ, ಮುತ್ಯಾನ ಜೋಡಿ ಬಾವಿ ಕೆಲಸ ಮಾಡಿದವನು, ಗುದ್ದಲಿ ಎತ್ತದೆ ನಿಂತಿದ್ದ. "ಉಪ್ಪ ಎದ್ದೈತಿ. ಉಪ್ಪ ಸುಮ್ಮ ಏಳಂಗಿಲ್ಲ," ಎಂದ.

"ಒಣಗೇತಲ್ಲಪಾ, ಅಗಿ," ಎಂದೆ.

ಮೊಣಕಾಲ ಮಟಕ್ಕೆ ಎರಿ ಹಸಿಯಿತ್ತು, ತೊಡೆಮಟಕ್ಕೆ ಜಿಗುಟಾಯಿತು. ಸೊಂಟಕ್ಕೆ ಮುರುಮು ಹತ್ತಿದಾಗ ಅಗೆಯುವವನು ಕೈ ನಿಲ್ಲಿಸಿ ಪಡುವಣದ ಗೋಡೆಗೆ ಅಂಗೈ ಹಚ್ಚಿದ. ಅಲ್ಲಿ ಬೆವರು ಮೂಡಿದ ಹಾಗೆ ಹನಿ ಕಂಡವು. ನೋಡುತ್ತಿದ್ದಂತೆ ಹನಿ ಕೂಡಿ ಗೆರೆಯಾಯಿತು. ಮೇಲಿನಿಂದ ಬಂದ ನೀರಲ್ಲ, ಮಳೆ ನಿಂತು ಬಹಳ ದಿನವಾಗಿತ್ತು. ತಳದಿಂದ ಉಕ್ಕಿದ್ದೂ ಅಲ್ಲ. ಮಗ್ಗಲಿನಿಂದ, ತಲಾವ ಇರುವ ದಿಕ್ಕಿನಿಂದ, ಬಗಲಿಯ ಗೂಡು ಕೊರೆಯಬೇಕಿದ್ದ ಅದೇ ಗೋಡೆಯಿಂದ. ಕೆಳಗಿನ ಹಾಸುಗಲ್ಲು ನೀರನ್ನು ಇಳಿಯಗೊಡದೆ ಮೂರು ಹೊಲ ದಾಟಿಸಿ ಇಲ್ಲಿಗೆ ತಂದಿತ್ತು. ನನ್ನ ಮಾಡೆಲಿನಲ್ಲಿ ಆ ಜಾಗದಲ್ಲಿ ತೂತಿತ್ತು.

ತಗ್ಗಿನಲ್ಲಿ ನೀರು ಮೀನಗಂಡದ ಮಟ ನಿಂತಿತು. ನಾನು ಇಳಿದು ಬಕೆಟ್ಟಿನಿಂದ ಎತ್ತಿ ಚೆಲ್ಲತೊಡಗಿದೆ. ಹತ್ತು ಬಕೆಟ್ಟು, ಇಪ್ಪತ್ತು. ಖಾಲಿಯಾದ ಹಾಗೆ ಕಂಡು ಮತ್ತೆ ತುಂಬುತ್ತಿತ್ತು. ಸುತ್ತ ಹಲಗೆ ಕೊಟ್ಟರೆ ಹೇಗೆ, ಇಟ್ಟಿಗೆ ಕಟ್ಟಿದರೆ ಹೇಗೆ, ಎರಡು ಬುಟ್ಟಿ ಮುರುಮು ಹಾಕಿ ಎತ್ತರಿಸಿದರೆ ಹೇಗೆ ಎಂದು ನಾನು ಒಬ್ಬನೇ ಮಾತಾಡುತ್ತಿದ್ದೆ. ಯಾರೂ ಎದುರಾಡಲಿಲ್ಲ. ಎದುರಾಳಿ ಇಲ್ಲದೆ ಮಾತು ಇಷ್ಟು ಸಣ್ಣದಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮುತವಲ್ಲಿ ಬಂದರು. ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು ನೀರು ನೋಡಿದರು. ಏಡಿಯ ಮಾತು, ಸೂರ್ಯನ ಮಾತು, ನಾಲಿಗೆಯ ಮಾತು, ಯಾವುದನ್ನಾದರೂ ಎತ್ತಲಿ ಎಂದು ನಾನು ಕಾದೆ. ಎತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕೈ ಚಾಚಿ ನನ್ನ ಕೈಯಿಂದ ಬಕೆಟ್ಟು ಇಸಿದುಕೊಂಡರು.

"ಸಾಕ ಬಾ ಮಗಾ. ಮ್ಯಾಲಕ ಬಾ. ಮಡ್ಡ್ಯಾಗ ತೋಡ್ಸೂಣು."

ಮಡ್ಡಿಯಲ್ಲಿ ಮೊಳದ ಕೆಳಗೆ ಬರೀ ಕಲ್ಲು. ಹಾರೆಯ ಪೆಟ್ಟಿಗೆ ಕಿಡಿ ಹಾರುತ್ತಿತ್ತು. ಸರದಿಯ ಮೇಲೆ ಎಂಟು ಮಂದಿ ಕೈ ಹಚ್ಚಿದರೂ ಮುಂದೆ ಸಾಗದು. ಹಿಂದೆ ನಾಲ್ಕು ತಗ್ಗು ಸಡಿಲ ಮಾಡಿಡೋಣ ಎಂದು ಮುತವಲ್ಲಿ ಹೇಳಿದ್ದ ಜಾಗವೇ ಅದು. ಮಧ್ಯಾಹ್ನದ ಜೋಹರ ನಮಾಜಿನ ನಂತರ ಎಂದು ಎಲ್ಲರಿಗೂ ಹೇಳಿ ಕಳಿಸಿದ್ದೆವು, ಇಳಿಹೊತ್ತಿನ ಅಸರಿನ ನಮಾಜಿನ ಹೊತ್ತಾಯಿತು. ಮನೆಯಲ್ಲಿ ತೊಳೆದು ಬಿಳಿ ಅರಿವೆ ಸುತ್ತಿ ಮಲಗಿಸಿದ ಮುತ್ಯಾ ಕಾಯುತ್ತಿದ್ದ. ಜೀವಮಾನದಲ್ಲಿ ಅವನು ಯಾರ ಮಯ್ಯತ್ತನ್ನೂ ಹಾಗೆ ಕಾಯಿಸಿರಲಿಲ್ಲ. ನಡುನಡುವೆ ಮನೆಯಿಂದ ಯಾರಾದರೂ ಬಂದು "ಆತೇನ್ರಿ?" ಎಂದು ಕೇಳುತ್ತಿದ್ದರು. "ಆತು, ಆತು" ಎನ್ನುತ್ತಿದ್ದರು. ಕಡೆಗೆ ಎದೆಮಟ ಬೇಕಾದ ತಗ್ಗು ಸೊಂಟಮಟಕ್ಕೆ ನಿಂತಿತು. ಬಗಲಿ ಕೊರೆಯುವ ಮಾತೇ ಇಲ್ಲ. ಊರಿನ ಅಷ್ಟು ಮಂದಿಗೆ ಗೂಡು ನುಣುಪು ಮಾಡಿಕೊಟ್ಟವನನ್ನು ಅಡ್ಡಾದಿಡ್ಡಿ ಒಡೆದ ಕಲ್ಲಿನ ಪೆಟ್ಟಿಗೆಯಲ್ಲಿ ಇಟ್ಟೆವು. ಮೇಲಿನ ಸಾಲಿನಲ್ಲಿ ಅವನೇ ಮೊದಲಿಗ. ಆಚೆ ಈಚೆ ಯಾರೂ ಇಲ್ಲ.

ಮರುದಿನ ಕೆಳಗಿನ ತಗ್ಗು ಮುಚ್ಚಲು ನಾನೊಬ್ಬನೇ ಹೋದೆ. ತೆರೆದ ತಗ್ಗು ಬಿಡಬಾರದು ಎನ್ನುತ್ತಾರೆ. ಮಣ್ಣು ಎಳೆಯುವ ಮೊದಲು ಅವನ ಕೋಲು ಇಳಿಸಿ ನೋಡಿದೆ. ನೀರು ಮೊಣಕಾಲ ಮಟ ಏರಿತ್ತು. ಕೋಲಿನ ಮೇಲೆ ಹಸಿ ಗೆರೆ ಮೂಡಿತು. ಉಗುರಿನಿಂದ ಗುರುತು ಮಾಡಿಕೊಂಡೆ. ತಗ್ಗಿನ ಒಂದು ಗೋಡೆಯ ಆಚೆ ಎರಡು ಗೇಣಿನ ಅಂತರದಲ್ಲಿ ಅಜ್ಜಿಯ ಗೂಡಿದೆ. ಅದೇ ಮುರುಮು, ಅದೇ ಆಳ. ಇದಕ್ಕೆ ಲೆಕ್ಕ ಬೇಕಿರಲಿಲ್ಲ. ಮುಚ್ಚುವಾಗ ಮಣ್ಣು ನೀರಿಗೆ ಬೀಳುವ ಸಪ್ಪಳ ಕೇಳದಿರಲೆಂದು ಒಂದೇ ಸಮ ಎಳೆದು ಹಾಕಿದೆ.

ಪುಣೆಗೆ ಹೋಗಿ ಮೇಡಂ ಎದುರಿಗೆ ಕೂತೆ. ನಮ್ಮ ಮಾಡೆಲಿನಲ್ಲಿ ಜವಳಿಗೆ ಜಾಗ ಮಾಡಬೇಕು ಎಂದೆ. ಒಂದೊಂದು ಚೌಕದೊಳಗೆ ಸಣ್ಣದೊಂದು ಹಸಿ ತುಂಡು, ಅದಕ್ಕೆ ತಳ ಮುಚ್ಚಿದ ಮಣ್ಣು, ಅಕ್ಕಪಕ್ಕದ ಎತ್ತರದಿಂದ ಅಡ್ಡ ಹರಿದು ಬರುವ ನೀರು. ಹೀಗೆ ಕಾಗದದ ಮೇಲೆ ಗೀಚಿ ತೋರಿಸಿದೆ. ಅವರು ಗಮನವಿಟ್ಟು ಕೇಳಿದರು. ಅಂಥದ್ದನ್ನು ಬೇರೆ ಕಡೆ ಮಾಡಲು ನೋಡುತ್ತಿದ್ದಾರೆ, ಸುಲಭವಲ್ಲ ಎಂದರು. ಆಮೇಲೆ ಕೇಳಿದರು: ನಿನ್ನ ಈ ಜವಳು ಎಷ್ಟು ದೊಡ್ಡದು?

"ಎರಡು ಮೂರು ಗುಂಟೆ."

ಅವರು ನಗಲಿಲ್ಲ. ಚೌಕದ ಮುಂದೆ ಅದು ಸೊನ್ನೆಗೆ ಸಮ ಎಂದು ಇಬ್ಬರಿಗೂ ಗೊತ್ತಿತ್ತು. "ಅಳತೆ ಇದೆಯಾ? ಎಷ್ಟು ವರ್ಷದ್ದು? ಯಾರು ಅಳೆದದ್ದು?"

ಎಷ್ಟು ಸರಿಯಾದ ಪ್ರಶ್ನೆಗಳು! ನನ್ನ ಬಳಿ ಇದ್ದದ್ದು ಒಂದು ಕೋಲಿನ ಮೇಲಿನ ಉಗುರಿನ ಗುರುತು. ಮೊಣಕಾಲು, ತೊಡೆ, ಸೊಂಟ ಎಂದು ನೆಲದ ಹಸಿಯನ್ನು ತಿಂಗಳು ತಿಂಗಳಿಗೂ ಬಲ್ಲವನೊಬ್ಬ ಇದ್ದ. ಅವನನ್ನು ನಾನು ಒಮ್ಮೆಯೂ ಕೇಳಿರಲಿಲ್ಲ, ಅವನೇ ನನ್ನನ್ನು ಕೇಳಿದ್ದ. ಚೌಕದ ಅಂಕಿ ಹಾಗೇ ಉಳಿಯಿತು. ನಾನು ಮುಂದಿನ ಚೌಕಕ್ಕೆ ಹೋದೆ, ಅದು ಕೆಲಸ.

ರಮಜಾನ್ ಹಬ್ಬಕ್ಕೆ ಊರಿಗೆ ಹೋದಾಗ ನಮಾಜು ಮುಗಿಸಿ, ಎಲ್ಲರಂತೆ ಕಬರಸ್ತಾನಕ್ಕೂ ಹೋಗಿ ಬಂದೆ. ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಅಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಬಳಿ ಕಾಲು ತೊಳೆದೆ. ಅವಳು ತಿರುಗದೆಯೇ ಕೇಳಿದಳು.

"ಮಾವಾರು ಇರೂ ಜಾಗಾ ಒಣ ಐತೇನು?"

"ಐತಿ ಅಮ್ಮಾ. ಖಡಕ್ ಒಣ ಐತಿ."

"ಚಲೋ ಆತು." ಎರಡು ಸಲ ರೊಟ್ಟಿ ತಿರುಗಿಸಿ ಬಡಿದಳು. "ಅತ್ತೀದು?"

ಪುರಾವೆ ನನ್ನ ಬಳಿ ಇತ್ತು. ಬಾಗಿಲ ಹಿಂದೆ ಕೋಲು ಒರಗಿತ್ತು, ಗುರುತು ಅದರ ಮೇಲಿತ್ತು. ಗೆರೆಯ ಕಾಗದ ತೋರಿಸಿ ಗೆದ್ದವನಿಗೆ ಇನ್ನೊಂದು ಸುಳ್ಳು ದೊಡ್ಡದಲ್ಲ.

"ಅಲ್ಲಿ ನೀರ ಐತಿ," ಅಂದೆ.

ಅವಳ ಕೈ ನಿಂತಿತು. ಆಮೇಲೆ ಮಗ್ಗಲಿನ ತಟ್ಟೆಯ ನೀರಿನಲ್ಲಿ ಬೆರಳದ್ದಿ, ರೊಟ್ಟಿಯ ಅಂಚಿಗೆ ಸವರಿ, ಮತ್ತೆ ಬಡಿಯತೊಡಗಿದಳು.